ಎರಡು ರೂಪಾಯಿಗೆ ಒತ್ತೆ ಬಿದ್ದ ಮೀಸೆ

ಚಿಲ್ಲರೆ ಕಾಸಿಗೆ ಕೈ ಹಾಕಿದ ದಿನದಿಂದ ಒಂದು ವಾರವೂ ನಾನು ಮರ್ಯಾದೆಯಾಗಿ ಮನೆ ಸೇರಿದ್ದಿಲ್ಲ ಕಣ್ರೀ. ಬೇರೆ ಜನ ಬ್ಯಾಂಕಿಗೆ ಹೋಗ್ತಾರೆ, ಚಲನ್ ಬರೀತಾರೆ, ದುಡ್ಡು ಕಟ್ತಾರೆ, ಬತ್ತಾ ಒಂದು ಟೀ ಕುಡ್ಕೊಂಡು ಬತ್ತಾರೆ. ನಾನು ಹೋದ್ರೆ ಮಾತ್ರ ಏನಾದ್ರೂ ಒಂದು ಆಗ್ಲೇಬೇಕು.

ಮೊದ್ಲು ನಾನು ಮಾಡೋ ಘನಕಾರ್ಯ ಏನು ಅಂತ ಹೇಳ್ಬುಡ್ತೀನಿ. ಮಂಡ್ಯದ ಬೆಲ್ಲದ ಮಂಡೀಲಿ ಮೂವತ್ತೈದು ವರ್ಷ ತೂಕ ಹಾಕ್ದೋನು ನಾನು. ಬೆಲ್ಲದ ಮೂಟೆ ಒಂದ್ಸಲ ಎತ್ತಿ ಇಳಿಸಿ "ಇನ್ನೂರು ಗ್ರಾಂ ಕಮ್ಮಿ" ಅಂದ್ರೆ, ತಕ್ಕಡಿನೇ ತಲೆ ತಗ್ಗಿಸಿ ತಪ್ಪು ಒಪ್ಕೊಳ್ತಿತ್ತು. ಮಂಡಿ ಬಿಟ್ಟ ಮೇಲೆ ಕೈ ಸುಮ್ನಿರಲಿಲ್ಲ. ಒಂದಿನ ಎರಡು ರೂಪಾಯಿ ಕಾಯಿನ್ನು ತಿರುಗಿಸಿ ನೋಡ್ತೀನಿ, ವರ್ಷದ ಕೆಳಗೆ ಸಣ್ಣದೊಂದು ಚುಕ್ಕಿ. ಇನ್ನೊಂದ್ರಲ್ಲಿ ಚುಕ್ಕಿ ಇಲ್ಲ. ತಿಳಿದೋರ್ನ ಕೇಳ್ದಾಗ ಗೊತ್ತಾಯ್ತು: ಕಾಯಿನ್ನು ಹೊಡೆಯೋ ಟಂಕಸಾಲೆ ನಾಕು ಊರಲ್ಲಿವೆಯಂತೆ. ನೋಯ್ಡಾದ್ದಕ್ಕೆ ಚುಕ್ಕಿ, ಮುಂಬೈದಕ್ಕೆ ವಜ್ರದ ಆಕಾರ, ಹೈದರಾಬಾದಿನದಕ್ಕೆ ನಕ್ಷತ್ರ, ಕೋಲ್ಕತ್ತಾದ್ದಕ್ಕೆ ಏನೂ ಇಲ್ಲ.

ಅಷ್ಟು ಗೊತ್ತಾಗಿದ್ದೇ ತಪ್ಪಾಯ್ತು. ಬ್ಯಾಂಕಿಂದ ಚೀಲಗಟ್ಟಲೆ ಚಿಲ್ಲರೆ ತರೋದು, ಭೂತಗನ್ನಡಿ ಹಿಡಿದು ಒಂದೊಂದೇ ನೋಡೋದು, ಅಪರೂಪದ್ದು ಸಿಕ್ರೆ ಆಲ್ಬಮ್ಮಿಗೆ ಸೇರಿಸೋದು, ಮಿಕ್ಕಿದ್ದು ಖರ್ಚು ಮಾಡೋದು. ಆಲ್ಬಮ್ಮು ತುಂಬ್ತಾ ಬಂತು. ಒಂದೇ ಒಂದು ಕಿಂಡಿ ಖಾಲಿ ಉಳೀತು: ನಾನು ಮಂಡಿ ಬಿಟ್ಟ ವರ್ಷದ ಎರಡು ರೂಪಾಯಿ, ನಕ್ಷತ್ರ ಇರೋದು. ಚುಕ್ಕಿದು ಸಿಕ್ತು, ವಜ್ರದ್ದು ಸಿಕ್ತು, ಬೋಳುದು ಹಿಡಿಗಟ್ಟಲೆ ಸಿಕ್ತು. ನಕ್ಷತ್ರದ್ದು ಮಾತ್ರ ಇಲ್ಲ. ಈ ಹುಚ್ಚು, ಆ ಒಂದು ಕಿಂಡಿ ಸೇರಿ ನನ್ನ ಯಾವ್ಯಾವ ಪಾಡಿಗೆ ತಂದ್ವು ಅಂತ ಮೊದಲಿಂದ ಕೇಳಿ.

೧. ಮ್ಯಾನೇಜರು ಕೈ ಮುಗಿದಿದ್ದು

ಮೊದಲನೇ ಸಲ ಮಂಡ್ಯದ ಬ್ಯಾಂಕಿಗೆ ಹೋಗಿ ಕ್ಯಾಶ್ ಕೌಂಟರ್ ಮುಂದೆ ನಿಂತೆ. ಒಳಗಿದ್ದೋಳು ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ.

"ಏನಜ್ಜ, ಕಟ್ಬೇಕಾ, ತೆಗೀಬೇಕಾ?"

"ಚಿಲ್ಲರೆ ಬೇಕಿತ್ತು ಕಣವ್ವ."

"ಎಷ್ಟಕ್ಕೆ, ನೂರು ರೂಪಾಯಿಗಾ?"

"ಎರಡು ಸಾವಿರಕ್ಕೆ. ಎಲ್ಲಾ ಎರಡು ರೂಪಾಯಿ ಕಾಯಿನ್ನೇ."

ಹುಡುಗಿ ಎಣಿಸ್ತಿದ್ದ ನೋಟು ಕೆಳಗಿಟ್ಟಳು. "ಅಜ್ಜ, ಸರಿಯಾಗಿ ಹೇಳಿ. ಚಿಲ್ಲರೆ ಕೊಡಕ್ಕೆ ಬಂದಿದ್ದೀರಾ, ತಗೊಳ್ಳಕ್ಕಾ?"

"ತಗೊಳ್ಳಕ್ಕೆ."

ಅವಳು ಎದ್ದು ಒಳಗೆ ಓಡಿದಳು. ನಾನು ಏನೋ ಕೇಸಾಯ್ತು ಅಂತ ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಅಂತ ನೋಡ್ಕೊಂಡೆ. ಅಷ್ಟ್ರಲ್ಲಿ ಮ್ಯಾನೇಜರೇ ಈಚೆ ಬಂದು ಕೈ ಮುಗಿದ್ರು. "ಯಜಮಾನ್ರೇ, ಚಿಲ್ಲರೆ ಬೇಡ ಅಂತ ಜಗಳ ಆಡಿದೋರ್ನ ನನ್ನ ಸರ್ವೀಸಲ್ಲಿ ಸಾವಿರಾರು ಜನ ನೋಡಿದೀನಿ. ಬೇಕು ಅಂತ ಬಂದೋರು ನೀವೇ ಮೊದಲು." ನನ್ನ ಕೂರಿಸಿ ಕಾಫಿ ತರಿಸಿದ್ರು. ಕಾಫಿ ಅರ್ಧ ಆಗೋಷ್ಟ್ರಲ್ಲಿ ಮೆಲ್ಲಗೆ, "ಹತ್ತು ರೂಪಾಯಿ ಕಾಯಿನ್ನೂ ಒಂದು ಚೀಲ ಉಳಿದಿದೆ, ಅದನ್ನೂ ಉದ್ಧಾರ ಮಾಡ್ಬಿಡಿ" ಅಂದ್ರು. ಕಾಫಿ ಕುಡಿದಿದ್ದ ದಾಕ್ಷಿಣ್ಯ, ಹೂಂ ಅಂದೆ.

ಭಾರ ಹೊರಕ್ಕೆ ಅಂತ ಸೆಕ್ಯೂರಿಟಿನ ಜೊತೆಗೆ ಕಳಿಸಿದ್ರು. ಅವನ ಒಂದು ಹೆಗಲ ಮೇಲೆ ಬಂದೂಕ, ಇನ್ನೊಂದ್ರ ಮೇಲೆ ನನ್ನ ಚೀಲ. ಮುಂದೆ ನಾನು, ಮೀಸೆ ತಿರುವ್ಕೊಂಡು. ಬೀದಿ ಬೀದಿಯೇ ನಿಂತು ನೋಡ್ತು. ಸಂಜೆ ಹೊತ್ತಿಗೆ ಊರ ತುಂಬ ಸುದ್ದಿ: ಮಂಡಿ ತೂಕದೋನ ಜಮೀನು ಹೈವೇಗೆ ಹೋಗಿ ಕೋಟಿ ಪರಿಹಾರ ಬಂದದಂತೆ. ನನಗೆ ಇರೋ ಜಮೀನು ತುಳಸಿಕಟ್ಟೆ ಸುತ್ತ ಇರೋದಷ್ಟೇ.

ಬೆಳಗ್ಗೆ ಬಾಗಿಲು ತೆಗೆದ್ರೆ ಮೂರು ಜನ. ಒಬ್ಬ ಇನ್ಶೂರೆನ್ಸ್ ಏಜೆಂಟು, ಒಬ್ಬ ಸೈಟ್ ಬ್ರೋಕರು, ಇನ್ನೊಬ್ಬ ಕೆರಗೋಡಿನ ನಮ್ಮ ದೊಡ್ಡಪ್ಪನ ಮಗ. ನಾನು ಎಂದೋ ಮಾರಿದ ಹೊಲದ ಬದುವಿನ ಜಗಳದಲ್ಲಿ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದೋನು, ಒಂದು ಗೊನೆ ಬಾಳೆಹಣ್ಣು ಹೊತ್ಕೊಂಡು ಹಲ್ಲು ಕಿರೀತಾ ನಿಂತವನೆ. ನಾನು ಚೀಲ ಬಿಚ್ಚಿ ಎರಡು ರೂಪಾಯಿ ತೋರಿಸ್ದೆ. ಏಜೆಂಟು ಹೋದ. ಬ್ರೋಕರು ಹೋದ. ನಮ್ಮೋನು ಚೀಲಾನೂ ಗೊನೆನೂ ಒಂದ್ಸಲ ನೋಡಿ, ಇಳಿಸಿದ್ದ ಗೊನೆನ ಮತ್ತೆ ಹೆಗಲಿಗೇರಿಸ್ಕೊಂಡ.

"ನಮ್ ಜಗ್ಳ ಇನ್ನೂ ಮುಗ್ದಿಲ್ಲ ಕಣ್ಲಾ" ಅಂತ ಹೊರಟೇ ಹೋದ.

೨. ಮೀಸೆ ಒತ್ತೆ ಬಿದ್ದಿದ್ದು

ನನ್ನ ಷಡ್ಡಕ, ಅಂದ್ರೆ ನನ್ನ ಹೆಂಡತಿ ತಂಗಿಯ ಗಂಡ, ಮಳವಳ್ಳೀಲಿ ಗೊಬ್ಬರದ ಅಂಗಡಿ ಇಟ್ಟವನೆ. ಒಳ್ಳೇವನೇ. ಆದ್ರೆ ಪ್ರಪಂಚದಲ್ಲಿ ಅಸಲಿ ಯಾವುದು, ನಕಲಿ ಯಾವುದು ಅಂತ ತನಗೊಬ್ಬನಿಗೇ ಗೊತ್ತು ಅನ್ನೋ ಜಂಭ. ಹೋದ ವರ್ಷ ಯುಗಾದಿ ಮಾರನೇ ದಿನ, ಹೊಸತೊಡಕಿನ ಬಾಡೂಟಕ್ಕೆ ಅವನ ಮನೆಗೆ ಹೋಗಿದ್ವಿ. ಊಟ ಆದ್ಮೇಲೆ ನಾನು ಆಲ್ಬಮ್ಮು ಬಿಚ್ಚಿ ಖಾಲಿ ಕಿಂಡಿ ತೋರಿಸ್ದೆ.

"ಅಣ್ಣ, ಇದೇನು ದೊಡ್ಡ ವಿಷ್ಯ? ಬೆಂಗ್ಳೂರಲ್ಲಿ ಮುನ್ನೂರು ರೂಪಾಯಿ ಬಿಸಾಕಿದ್ರೆ ಯಾರಾದ್ರೂ ಕೊಡ್ತಾರೆ ಕಣಣ್ಣ" ಅಂದ.

"ಕೊಂಡ್ಕೊಂಡು ಇಟ್ರೆ ಅದು ಅಂಗಡಿ ಕಣ್ಲಾ. ಬ್ಯಾಂಕ್ ಚೀಲದಲ್ಲಿ ಹುಡುಕಿ ತೆಗೆದ್ರೆ ಬೇಟೆ."

"ನಿಂಗೆ ಈ ಜನ್ಮದಲ್ಲಿ ಸಿಕ್ಕಲ್ಲ."

"ಮುಂದಿನ ಯುಗಾದಿ ದಿನ ಹೊತ್ತು ಮುಳುಗೋದ್ರೊಳಗೆ ತೆಗೀತೀನಿ. ಏನ್ ಕಟ್ತೀಯಾ?"

"ಅಸ್ಲಿ ಬಂಡೂರು ತಳಿ ಟಗರು ಕಡಿತೀನಿ. ಮಾರನೇ ದಿನ ಹೊಸತೊಡಕಿಗೆ. ನೀನೇನ್ ಕಟ್ತೀಯಾ?"

ಊಟ ಜಾಸ್ತಿ ಆಗಿತ್ತು, ಬುದ್ಧಿ ಮಲಗಿತ್ತು. "ಮೀಸೆ!" ಅಂದೆ.

ಒಳಗಿದ್ದ ಹೆಂಗಸರೆಲ್ಲ ಈಚೆ ಬಂದ್ರು. ನಮ್ಮ ಕಡೆ ಗಂಡಸು ಮೀಸೆ ಬೋಳಿಸ್ದ ಅಂದ್ರೆ ಮನೇಲಿ ಹಿರೀಕರು ಯಾರೋ ಹೋದ್ರು ಅಂತ ಲೆಕ್ಕ. ಇನ್ನು ನಮ್ಮಿಬ್ರ ಮನೆಗೂ ಸೇರಿ ಉಳಿದಿರೋ ಹಿರೀಕರು ಒಬ್ಬರೇ, ನಮ್ಮತ್ತೆ. ತೊಂಬತ್ತು ದಾಟಿದೆ, ಷಡ್ಡಕನ ಮನೇಲೇ ಇರೋದು. ಕಂಬಕ್ಕೊರಗಿ ಎಲೆ ಅಡಿಕೆ ಕುಟ್ತಿದ್ದೋರು ಕುಟ್ಟೋದು ನಿಲ್ಲಿಸಿದ್ರು.

"ನಾನಿನ್ನೂ ಕುಂತಿವ್ನಿ ಕಣಪ್ಪಾ ಅಳೀಮಯ್ಯ" ಅಂದ್ರು. "ಬೋಳಿಸ್ಕೊಳ್ಳೋದಾದ್ರೆ ವಸಿ ತಡ್ಕೊಳ್ಳಿ."

೩. ಮದ್ದೂರಿನ ಕೆಂಪು ಚುಕ್ಕಿ

ಪಂಥ ಕಟ್ಟಿದ ಮೇಲೆ ಸುಮ್ನೆ ಕೂರೋ ಆಸಾಮಿನಾ ನಾನು? ವಾರಕ್ಕೊಂದು ಚೀಲ. ನೂರರ ಪ್ಯಾಕೆಟ್ಟು ಹತ್ತು, ಒಟ್ಟು ಸಾವಿರ ಕಾಯಿನ್ನು. ಎತ್ತಿ ನೋಡಿದ್ರೇ ಸಾಕು, ಐದು ಕೇಜಿಗೆ ಎಷ್ಟು ಗ್ರಾಂ ಕಮ್ಮಿ ಅಂತ ಹೇಳ್ತೀನಿ. ನೋಡಿ ಮುಗಿದಿದ್ದನ್ನ ಅದೇ ಬ್ಯಾಂಕಿಗೆ ವಾಪಸ್ ಕೊಟ್ರೆ ಕಾಫಿ ಕೊಟ್ಟ ಮ್ಯಾನೇಜರು ಅತ್ತುಬಿಡ್ತಾರೆ. ಅದಕ್ಕೆ ರೈಲು ಹತ್ತಿ ಮದ್ದೂರಿಗೆ ಹೋಗಿ ವಡೆ, ಎಳನೀರು, ತರಕಾರಿ ಅಂತ ಕರಗಿಸಿ ಬತ್ತಿದ್ದೆ.

ಮೂರನೇ ತಿಂಗಳು, ಸುತ್ತಿಗೆ ಏಟು ತಿಂದು ಸೊಟ್ಟಗಾಗಿದ್ದ ಒಂದು ಕಾಯಿನ್ನು ನನ್ನ ಚೀಲದಲ್ಲಿ ಮೂರನೇ ಸಲ ಬಂತು. "ಚೆನ್ನಾಗಿದ್ದೀರಾ?" ಅಂತ ಕೇಳ್ದಂಗಾಯ್ತು. ಅಂದ್ರೆ ಮದ್ದೂರಲ್ಲಿ ಖರ್ಚು ಮಾಡಿದ್ದೇ ಸುತ್ತಿ ಬ್ಯಾಂಕಿಗೆ ಬಂದು, ನೋಡಿದ್ದನ್ನೇ ತಿರುಗಾ ನೋಡ್ತಾ ಇದ್ದೀನಿ! ಗುರುತು ಹಾಕ್ಬೇಕು ಅಂತ ಫ್ಯಾನ್ಸಿ ಸ್ಟೋರಿಗೆ ಹೋಗಿ ಕೆಂಪು ನೈಲ್ ಪಾಲಿಶ್ ಕೇಳ್ದೆ. ಅಂಗಡಿ ಹುಡುಗಿ, "ಅಜ್ಜಿಗಾ?" ಅಂದ್ಲು. "ಇಲ್ಲವ್ವ, ನಂಗೇ" ಅಂದೆ. ಬಾಟ್ಲಿ ಕೈಗೆ ಕೊಡ್ದೆ ಟೇಬಲ್ ಮೇಲೆ ಇಟ್ಟು ದೂರ ನಿಂತ್ಕೊಂಡ್ಲು.

ಅವತ್ತಿಂದ ನಾನು ನೋಡಿದ ಪ್ರತಿ ಕಾಯಿನ್ನಿಗೂ ಒಂದು ಕೆಂಪು ಚುಕ್ಕಿ, ಬ್ಯಾಂಕಿನೋರು ತಲೆಗೆ ಕಟ್ಟಿದ್ದ ಹತ್ತು ರೂಪಾಯಿ ಕಾಯಿನ್ನಿಗೂ. ಆ ಹತ್ತು ರೂಪಾಯಿನ ಮದ್ದೂರಲ್ಲಿ ಯಾರೂ ಮುಟ್ತಿರಲಿಲ್ಲ. "ನಡೆಯಲ್ಲ, ನಕಲಿ ಬಂದವೆ" ಅನ್ನೋರು. ನಾನು ವಡೆ ತಿಂದು ಹೋಟ್ಲಿನೋನಿಗೆ ಕೊಟ್ರೆ ಅವನೂ ಅದೇ ರಾಗ ತೆಗೆದ. ಆಮೇಲೆ ಚುಕ್ಕಿ ನೋಡಿ, "ಇದೇನಜ್ಜ?" ಅಂದ.

"ಬ್ಯಾಂಕಿಂದ ಬಂದಿರೋದು ಕಣಪ್ಪ. ಒಂದೊಂದ್ನೂ ಭೂತಗನ್ನಡಿ ಹಾಕಿ ನೋಡಿ, ಚುಕ್ಕಿ ಇಟ್ಟಿರೋದು" ಅಂದೆ. ಅದ್ರಲ್ಲಿ ಸುಳ್ಳು ಎಲ್ಲದೆ ಹೇಳಿ? ಭೂತಗನ್ನಡಿ ಯಾರ್ದು ಅಂತ ಅವನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.

ಒಂದೇ ತಿಂಗಳು. ರೈಲ್ವೆ ಸ್ಟೇಷನ್ನಿಂದ ಎಳನೀರು ಮಾರ್ಕೆಟ್ಟಿನ ತನಕ ಮದ್ದೂರಿಗೆ ಮದ್ದೂರೇ ಕಾಯಿನ್ನು ತಿರುಗಿಸಿ ನೋಡಕ್ಕೆ ಶುರು ಮಾಡ್ತು. ಚುಕ್ಕಿ ಅದಾ, ತಾ. ಇಲ್ವಾ, ಓಗು. ನಾನು ಗೌರ್ಮೆಂಟು ಆದಂಗೆ ಎದೆ ಉಬ್ಬಿಸ್ಕೊಂಡು ತಿರುಗಾಡ್ತಿದ್ದೆ.

ಒಂದಿನ ಚುಕ್ಕಿದು ಮುಗಿದಿತ್ತು. ಎಳನೀರು ಕುಡಿದು, ಬೇರೆ ಕಡೆಯಿಂದ ಬಂದಿದ್ದ ಹತ್ತು ರೂಪಾಯಿ ಕಾಯಿನ್ನು ಕೊಟ್ಟೆ. ಎಳನೀರಿನ ಹೆಂಗಸು ಎರಡೂ ಕಡೆ ತಿರುಗಿಸಿ ನೋಡಿ ವಾಪಸ್ ನೀಡಿದ್ಲು.

"ಯಜಮಾನ್ರೆ, ಇದು ನಡೆಯಕಿಲ್ಲ. ಚುಕ್ಕಿ ಇಲ್ಲ."

"ಅಯ್ಯೋ, ಆ ಚುಕ್ಕಿ ಇಡೋನೇ ನಾನು ಕಣಮ್ಮಾ! ದಿನಾ ರಾಶಿ ಹಾಕ್ಕೊಂಡು ಮನೇಲಿ ಇಡ್ತೀನಿ!"

ಅವಳು ನನ್ನ ಮೇಲಿಂದ ಕೆಳಗೆ ನೋಡಿದ್ಲು. ಮಚ್ಚು ಕೈಲೇ ಇತ್ತು. ಪಕ್ಕದ ಅಂಗಡಿ ಕಡೆ ತಿರುಗಿ ಕೂಗಿದ್ಲು: "ಅಣ್ಣೋ, ಬಿರ್ನೆ ಬಾ! ಆ ನಕ್ಲಿ ಕಾಸು ಮಾಡೋನು ಸಿಕ್ಕವ್ನೆ!"

ಅವತ್ತು ಮದ್ದೂರು ಬಿಟ್ಟ ರೈಲು ಮಂಡ್ಯಕ್ಕೆ ಬರೋದ್ರೊಳಗೆ ನಾನು ನಡ್ಕೊಂಡೇ ಬಂದು ಮನೇಲಿ ಕೈ ಕಾಲು ತೊಳ್ಕೊಂಡಿದ್ದೆ.

೪. ಬಸ್ಸಿನ ಹೊಟ್ಟೇಲಿದ್ದ ಖಜಾನೆ

ದೀಪಾವಳಿ ಬಂತು, ನಕ್ಷತ್ರ ಬರ್ಲಿಲ್ಲ. ಮಂಡ್ಯದ ಬ್ಯಾಂಕಲ್ಲಿ ನನ್ನ ದೆಸೆಯಿಂದ ಚಿಲ್ಲರೆನೇ ಬತ್ತಿಹೋಯ್ತು. ಸರಿ, ಮಳವಳ್ಳಿಗೆ ಹೋಗಿ ಅಲ್ಲಿನ ಬ್ಯಾಂಕಲ್ಲಿ ಒಂದು ಚೀಲ ಗಿಟ್ಟಿಸ್ಕೊಂಡು ಬಸ್ಸು ಹತ್ತಿದೆ. ಆಸೆ ತಡೀಲಿಲ್ಲ. ಬಸ್ಸಲ್ಲೇ ಪ್ಯಾಕೆಟ್ಟು ಕಿತ್ತು ಮಡಿಲಿಗೆ ಸುರ್ಕೊಂಡು ನೋಡ್ತಾ ಕೂತೆ.

ಡ್ರೈವರ್‌ಗೆ ಹಂಪು ಕಾಣ್ಲಿಲ್ಲ. ನಾನು ಒಂದು ಅಡಿ ಮೇಲಕ್ಕೆ ಹೋದೆ, ಕಾಯಿನ್ನು ಮೂರಡಿ ಹೋದ್ವು. ಮಳೆ ಬಂದಂಗೆ ಬಸ್ಸ ತುಂಬ ಕಾಸು. ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸ್ದ. "ಯಾರೂ ಇಳೀಬ್ಯಾಡಿ! ಅಜ್ಜನ್ ದುಡ್ಡು ಆಯ್ಕೊಡಿ!"

ನಮ್ಮ ಜನ ಬಾಯಿ ಒರಟು, ಮನಸ್ಸು ಬೆಲ್ಲ. ಐವತ್ತು ಜನಾನೂ ಸೀಟಿನಡಿ ತೂರಿದ್ರು. ಬಾಣಂತಿ ಒಬ್ಬಳು ಮಗೂನ ಡ್ರೈವರ್ ತೊಡೆ ಮೇಲೆ ಕೂರಿಸಿ ಆಯ್ದು ಕೊಟ್ಲು. ಎಲ್ಲಾ ಸೇರಿಸಿ ಎಣಿಸ್ತೀವಿ, ಸಾವಿರ ಇರ್ಬೇಕಾಗಿದ್ದು ಸಾವಿರದ ನಲವತ್ತೊಂದು ಆಗದೆ! ಅದ್ರಲ್ಲಿ ಒಂದು ರೂಪಾಯಿ, ಐದು ರೂಪಾಯಿ, ಮಣ್ಣು ಮೆತ್ತಿದ ಎಂಟಾಣೆ, ಒಂದು ಕಿವಿ ಓಲೆ ತಿರುಪು.

"ಇದೇನಿದು, ನನ್ನ ಚೀಲ ಬಸ್ಸಲ್ಲೇ ಮರಿ ಹಾಕ್ತಾ?" ಅಂದೆ.

ಕಂಡಕ್ಟರು ಆ ಮಣ್ಣು ಮೆತ್ತಿದ ಕಾಸುಗಳನ್ನ ಬೊಗಸೇಲಿ ತುಂಬ್ಕೊಂಡ. ಕಣ್ಣಲ್ಲಿ ನೀರು. "ಅಜ್ಜ, ಇದೇ ಬಸ್ಸಲ್ಲಿ ಆರು ವರ್ಷ ಆಯ್ತು. ಲೆಕ್ಕ ಕೊಡೋವಾಗೆಲ್ಲ ಎರಡು ರೂಪಾಯಿ, ಮೂರು ರೂಪಾಯಿ ಕಮ್ಮಿ ಬರೋದು, ನಾನೇ ಕೈಯಿಂದ ಕಟ್ತಿದ್ದೆ. ನನ್ನ ಹೆಂಡ್ರು ಬೀಡಿ ಸೇದೋಕೆ ಎತ್ಕೋತೀಯ ಅಂತ ದಿನಾ ಬಯ್ಯೋಳು."

"ಇನ್ನೇನು, ತಗೊಂಡೋಗಿ ತೋರಿಸಪ್ಪ, ಬೀಡಿ ಸೇದಲ್ಲ ಅಂತ ಗೊತ್ತಾಗ್ಲಿ" ಅಂದೆ.

"ಬ್ಯಾಡ ಅಜ್ಜ" ಅಂದ, ಕಾಸು ಜೇಬಿಗಿಳಿಸ್ತಾ. "ಬೀಡಿನೂ ಸೇದ್ತೀನಿ."

೫. ಸಂಕ್ರಾಂತಿ ದಿನ ಮೂಡಿದ ನಕ್ಷತ್ರ

ಸಂಕ್ರಾಂತಿ ಸಂಜೆ. ಅಕ್ಕಪಕ್ಕದ ಹೆಣ್ಣುಮಕ್ಕಳು ಬೀರಿ ಹೋದ ಎಳ್ಳುಬೆಲ್ಲ ಒಂದು ತಟ್ಟೇಲಿ, ಕಾಯಿನ್ನು ಇನ್ನೊಂದು ತಟ್ಟೇಲಿ. ಒಂದು ಕೈ ಬಾಯಿಗೆ, ಒಂದು ಕೈ ಕೆಲಸಕ್ಕೆ. ಹೀಗೆ ನೋಡ್ತಾ ನೋಡ್ತಾ, ನಾನು ಮಂಡಿ ಬಿಟ್ಟ ವರ್ಷದ್ದೇ ಒಂದು ಎರಡು ರೂಪಾಯಿ. ವರ್ಷದ ಕೆಳಗೆ ಭೂತಗನ್ನಡಿ ಹಿಡಿದೆ. ನಕ್ಷತ್ರ! ದಪ್ಪಗೆ, ಬೆಳ್ಳಗೆ, ಪಳಪಳ ಅಂತದೆ!

ಕಿರುಚಿದ ರಭಸಕ್ಕೆ ಮೂರನೇ ಬೀದಿ ನಾಯಿಗಳೆಲ್ಲ ಎದ್ವು. ತಕ್ಷಣ ಮಳವಳ್ಳಿಗೆ ಫೋನು.

"ಲೇ ತಮ್ಮ! ಸಿಕ್ತು ಕಣ್ಲಾ! ಟಗರು ತಾ!"

"ನಿಜ್ವಾ ಅಣ್ಣ?"

"ನನ್ನ ಮೀಸೆ ಆಣೆ!"

ಷಡ್ಡಕ ಮಾತಿಗೆ ತಪ್ಪೋನಲ್ಲ. ಮಾರನೇ ಬೆಳಗ್ಗೆನೇ ಗೂಡ್ಸ್ ಆಟೋ ಮಾಡ್ಕೊಂಡು ಬಂಡೂರು ಕಡೆ ಹೊರಟ. ಇಲ್ಲಿ ನನ್ನ ಹೆಂಡತಿ ಒಲೆ ಕೆಲಸ ಮುಗಿಸಿ, "ಎಲ್ಲಿ ತೋರ್ಸಿ ರೀ, ಅದೇನು ಅಂಥಾ ನಕ್ಷತ್ರ" ಅಂತ ಕಾಯಿನ್ನು ತಗೊಂಡ್ಲು. ಬೆಳಕಿಗೆ ಹಿಡಿದು ನೋಡಿದ್ಲು. ಉಗುರಲ್ಲಿ ಮೀಟಿದ್ಲು. ನಕ್ಷತ್ರ ಉಗುರಿಗೆ ಬಂತು. ಬಾಯಿಗೆ ಹಾಕ್ಕೊಂಡ್ಲು.

"ಎಳ್ಳು" ಅಂದ್ಲು. "ಚೆನ್ನಾಗಿ ಹುರ್ದವ್ರೆ."

ಬೆಲ್ಲದ ಅಂಟಿಗೆ ಕಚ್ಕೊಂಡಿತ್ತು ಕಣ್ರೀ. ಮೂವತ್ತೈದು ವರ್ಷ ಬೆಲ್ಲ ತೂಗಿದೋನಿಗೆ ಬೆಲ್ಲವೇ ಮೋಸ ಮಾಡ್ತು. ಎದ್ದೂ ಬಿದ್ದೂ ಷಡ್ಡಕನಿಗೆ ಫೋನ್ ಮಾಡ್ದೆ. "ಟಗರು ಕೊಳ್ಬೇಡ ಕಣ್ಲಾ, ಎಳ್ಳು ಅದು!"

"ಕೊಂಡಾಯ್ತಲ್ಲಣ್ಣ! ಆಟೋದಲ್ಲಿ ನನ್ನ ಪಕ್ಕದಲ್ಲೇ ನಿಂತದೆ. ನೂರಾರು ಕುರಿ ನೋಡಿ, ಕಿವಿ ಹಿಡಿದು, ಬೆನ್ನು ತಟ್ಟಿ, ಅಸ್ಲಿ ಬಂಡೂರು ಅಂತ ಗ್ಯಾರಂಟಿ ಮಾಡ್ಕೊಂಡು ತಂದಿವ್ನಿ. ವಾಪಸ್ ಕೊಡಕ್ಕೆ ಇದೇನು ಚಪ್ಲಿನಾ? ಇರ್ಲಿ ಬುಡು, ಯುಗಾದಿ ತಂಕ ಕಟ್ಟಾಕ್ತೀನಿ. ನಿಂಗೆ ಸಿಕ್ರೆ ಕಡಿತೀನಿ, ಸಿಕ್ದೆ ಇದ್ರೆ ಸಾಕ್ಕೋತೀನಿ."

ಫೋನಲ್ಲಿ ಹಿಂದಿಂದ "ಬ್ಯಾ" ಅಂತು. ಇಡೀ ಜಿಲ್ಲೇಲಿ ನಾನು ಸೋಲ್ಲಿ ಅಂತ ಹಗಲೂ ರಾತ್ರಿ ಹರಕೆ ಹೊತ್ತಿದ್ದ ಜೀವ ಅಂದ್ರೆ ಅದೊಂದೇ.

೬. ಯುಗಾದಿ ದಿನದ ಕೊನೇ ಚೀಲ

ಒಟ್ಟು ಎಂಬತ್ತು ಚೀಲ ನೋಡಿದ್ದೆ. ನನ್ನ ಹೆಂಡತಿ ನಲವತ್ತೆರಡು ಅಂತಾಳೆ, ಅವಳಿಗೆ ಮೊದಲಿಂದ ಎಣಿಕೆ ಸರಿಯಾಗಿ ಬರಲ್ಲ. ಯುಗಾದಿಗೆ ಎರಡು ದಿನ ಉಳಿದಾಗ ಒಂದು ಚೀಲ ಉಳಿದಿತ್ತು, ಬಿಚ್ಚದೇ ಇರೋದು. ಷಡ್ಡಕ ಹೇಳಿ ಕಳಿಸ್ದ: "ಕೊನೇದು ನನ್ನ ಕಣ್ಮುಂದೆ, ನಮ್ಮ ಅಂಗಳದಲ್ಲೇ ಬಿಚ್ಬೇಕು." ಸರಿ ಅಂದೆ. ಯುಗಾದಿ ದಿನ ಮೀಸೆಗೆ ಎಣ್ಣೆ ಹಚ್ಚಿ, ಬಹುಶಃ ಕೊನೇ ಸಲ ಇರ್ಬೇಕು ಅಂತ ಕನ್ನಡೀಲಿ ಸ್ವಲ್ಪ ಜಾಸ್ತಿನೇ ನೋಡ್ಕೊಂಡು, ಹೆಂಡತಿ ಜೊತೆ ಮಳವಳ್ಳಿ ಬಸ್ಸು ಹತ್ತಿದೆ.

ನಿಮ್ಮ ಹತ್ರ ಮುಚ್ಚುಮರೆ ಯಾಕೆ? ಧೈರ್ಯ ಕುಸಿದಿತ್ತು. ಬೆಂಗಳೂರಿನ ಒಬ್ಬ ಹಳೇ ಕಾಸಿನ ವ್ಯಾಪಾರಿಗೆ ಮುನ್ನೂರು ರೂಪಾಯಿ ಕಳಿಸಿ, ಆ ನಕ್ಷತ್ರದ್ದು ಒಂದನ್ನ ಕೊರಿಯರಲ್ಲಿ ತರಿಸಿ ಪಂಚೆ ಮಡಿಕೇಲಿ ಸಿಕ್ಕಿಸ್ಕೊಂಡಿದ್ದೆ. ಬೇಟೆ, ಬೇಟೆ ಅಂತಿದ್ದೋನೇ ಅಂಗಡೀಲಿ ಕೊಂಡಿದ್ದೆ. ಮೀಸೆ ವಿಷ್ಯ ಕಣ್ರೀ, ನಿಮಗಾದ್ರೂ ಅಷ್ಟೇ.

ಅಂಗಳದಲ್ಲಿ ಜಮಖಾನ ಹಾಸಿ ನಾಕು ಜನ ಕೂತ್ವಿ: ನಾನು, ನನ್ನ ಹೆಂಡತಿ, ಷಡ್ಡಕ, ಕಂಬಕ್ಕೊರಗಿ ನಮ್ಮತ್ತೆ. ಒಂಬತ್ತು ಪ್ಯಾಕೆಟ್ಟು ಸುರಿದು ಮೊರಗಳಿಗೆ ಹಂಚ್ಕೊಂಡ್ವಿ. ಜಾಗ ಸಾಲ್ದೆ ಹತ್ತನೇದು ಪಕ್ಕಕ್ಕಿಟ್ವಿ. ಎಲ್ಲ ತಲೆ ಬಗ್ಗಿಸಿ ನೋಡ್ತಿದ್ದಾಗ ನಾನು ಮೆಲ್ಲಗೆ ಪಂಚೆ ಮಡಿಕೆ ಸಡಿಲಿಸ್ದೆ. ಕಾಯಿನ್ನು ಮಂಡಿ ಪಕ್ಕ ಬಿತ್ತು. ತಕ್ಷಣ ಕಂಡ್ರೆ ಅನುಮಾನ ಬರುತ್ತೆ, ಕಾಲು ಗಂಟೆ ಬಿಟ್ಟು ಕಂಡುಹಿಡಿಯೋಣ ಅಂತ ಸುಮ್ಮನಾದೆ.

ಐದು ನಿಮಿಷ ಆಗಿಲ್ಲ. ನನ್ನ ಹೆಂಡತಿ, "ರೀ! ಸಿಕ್ತು ರೀ!" ಅಂತ ಕೂಗಿದ್ಲು.

ನಂದನ್ನ ಎತ್ಕೊಂಡ್ಲೋ ಏನೋ ಅಂತ ಮಂಡಿ ಪಕ್ಕ ನೋಡ್ಕೊಂಡೆ. ನಂದು ಅಲ್ಲೇ ಅದೆ!

ಅವಳ ಕೈಲಿರೋದು ಭೂತಗನ್ನಡೀಲಿ ನೋಡ್ದೆ. ವರ್ಷ ಸರಿ, ನಕ್ಷತ್ರ ಸರಿ, ಎಳ್ಳಲ್ಲ. ಕುಣಿಯೋಣ ಅಂತ ಏಳ್ತಿದ್ದೀನಿ, ಷಡ್ಡಕ, "ಅಣ್ಣ, ಇಲ್ಲೂ ಒಂದದೆ" ಅಂದ. ಅವನ ಮುಖ ಯಾಕೋ ಕಳ್ಳನ ಥರ ಇತ್ತು. ಅಷ್ಟ್ರಲ್ಲಿ ನಮ್ಮತ್ತೆ, ಎದುರಿಗೆ ನಿಂತ ಎಮ್ಮೆ ಕಾಣದೋರು, "ಅಳೀಮಯ್ಯ, ನಿಮ್ ಮಂಡಿ ತಾವ ಅದ್ಯಾವ್ದೋ ಬಿದ್ದದೆ ನೋಡಿ" ಅಂದ್ರು.

ಮೂರು! ವರ್ಷವೆಲ್ಲ ಕಣ್ಣು ಕಿತ್ಕೊಂಡ್ರೂ ಒಂದು ಬರದೇ ಇದ್ದದ್ದು ಅರ್ಧ ಗಂಟೇಲಿ ಮೂರು. ಯಾರೂ ಯಾರ ಮುಖಾನೂ ನೋಡ್ಲಿಲ್ಲ. ಆಗ ನನ್ನ ಹೆಂಡತಿ ತನ್ನ ಮೊರದಿಂದ ಇನ್ನೊಂದು ಎತ್ತಿದ್ಲು. ನಡುವೆ ತೂತು. ಬ್ರಿಟಿಷ್ ರಾಜನ ಕಾಲದ ತೂತು ಕಾಸು!

"ಇದು ಯಾವ ಬ್ಯಾಂಕು ಅಣ್ಣ?" ಅಂದ ಷಡ್ಡಕ. "ಮೈಸೂರು ಮಹಾರಾಜರು ಅಕೌಂಟ್ ಇಟ್ಟಿದ್ರಾ?"

ನಮ್ಮತ್ತೆ ಎಲೆ ಅಡಿಕೆ ಚೀಲದ ಬಾಯಿ ಬಿಗಿದ್ರು. "ನಾನೇ ಆಕ್ದೆ ಕಣಪ್ಪಾ. ಏನೋ ಹಳೇ ಕಾಸು ಬೇಕು ಅಂತ ವರ್ಸೆಲ್ಲಾ ಬಡ್ಕೋತಿದ್ರಲ್ಲ, ಇದ್ಕಿಂತ ಹಳೇದು ನಂತಾವ ಇಲ್ಲ. ನೀವು ಮೀಸೆ ಬೋಳಿಸ್ಕೊಂಡ್ರೆ ಜನ ನನ್ ಮಣ್ಣಿಗೆ ಬತ್ತಾರೆ. ನಾನೆದ್ದು ಕಾಪಿ ಕೊಡ್ಲಾ?"

ಅತ್ತೆ ಒಪ್ಕೊಂಡ ಮೇಲೆ ಉಳಿದೋರ ಕಟ್ಟೆ ಒಡೀತು. ಹೆಂಡತಿ, ನನ್ನ ಪುಸ್ತಕದಿಂದ ವ್ಯಾಪಾರಿ ನಂಬರು ಕದ್ದು ನಾನೂರೈವತ್ತಕ್ಕೆ ತರಿಸಿದ್ಲಂತೆ. "ಮದುವೆ ದಿನ ಇನ್ನೂ ಮೀಸೆ ಚಿಗುರದ ಈ ಮುಖ ಒಂದ್ಸಲ ನೋಡಿದ್ದೆ, ಇನ್ನೊಂದ್ಸಲ ಶಕ್ತಿ ಇಲ್ಲ" ಅಂದ್ಲು. ಷಡ್ಡಕ ಆರುನೂರಕ್ಕೆ ತರಿಸಿದ್ನಂತೆ. "ನೀನು ಬೋಳಿಸ್ಕೊಂಡು ಬೀದೀಲಿ ಹೋದ್ರೆ ಮಳವಳ್ಳಿ ಜನ ಹೂವಿನ ಹಾರ ತಗೊಂಡು ಬರೋದು ನಮ್ಮನೆಗಲ್ವಾ ಅಣ್ಣ? ಅತ್ತೆ ಬಾಗಿಲಲ್ಲಿ ಕುಂತಿರ್ತಾರೆ, ಯಾರ ಕೊರಳಿಗೆ ಹಾಕ್ತಾರೆ?" ಅಂದ. ಎಲ್ರಿಗೂ ಒಬ್ಬನೇ ವ್ಯಾಪಾರಿ. ಮಂಡ್ಯ ಜಿಲ್ಲೆಗೆ ಏನೋ ಬಂದದೆ ಅಂತ ಒಂದೊಂದು ಫೋನಿಗೂ ನೂರೈವತ್ತು ಏರಿಸವನೆ. ಕೊನೆಗೆ ನಾನೂ ಪಂಚೆ ಮಡಿಕೆ ವಿಷಯ ಒಪ್ಕೊಂಡೆ. ಸಿಕ್ಕಿದ ಮೂರೂ ಅಲ್ಲಿಗೆ ಲೆಕ್ಕಕ್ಕಿಲ್ಲ. ಜಮಖಾನದ ಮಧ್ಯೆ ಅನಾಥವಾಗಿ ಬಿದ್ದಿದ್ವು.

ಬಿಸಿಲು ಗೋಡೆ ಹತ್ತಿತ್ತು. ಷಡ್ಡಕ, "ಹೋಗ್ಲಿ ಬುಡಣ್ಣ, ಪಂಥ ಬ್ಯಾಡ, ಮೀಸೆನೂ ಬ್ಯಾಡ" ಅಂದ.

ಆ ಮಾತಿಗೆ ನನಗೆ ರೋಷ ಬಂತು ನೋಡಿ. "ಹೊತ್ತು ಮುಳುಗಿಲ್ಲ ಕಣ್ಲಾ. ಇನ್ನೊಂದು ಪ್ಯಾಕೆಟ್ಟು ಅದೆ. ನೀವ್ಯಾರೂ ಹತ್ರ ಬರಕೂಡ್ದು" ಅಂದೆ. ಅವರೂ ನನ್ನ ನಂಬಲಿಲ್ಲ. ಅಂಗಿ ಬಿಚ್ಚಿಸಿದ್ರು, ಪಂಚೆ ಕೊಡವಿಸಿದ್ರು, ಬಾಯಿ ತೆಗೆಸಿ ನಾಲಿಗೆ ಕೆಳಗೂ ನೋಡಿದ್ರು. ಬರೀ ಮೈಯಲ್ಲಿ ಅಂಗಳದ ನಡುವೆ ಕೂತು ಹತ್ತನೇ ಪ್ಯಾಕೆಟ್ಟು ಒಡೆದೆ. ಒಂದೊಂದೇ ಎತ್ತಿ ನೋಡಿ ಪಕ್ಕಕ್ಕಿಟ್ಟೆ. ಐವತ್ತಾಯ್ತು. ಎಂಬತ್ತಾಯ್ತು. ತೊಂಬತ್ತೇಳನೇದು ಎತ್ತಿದೆ.

ನಕ್ಷತ್ರ. ನಾನು ಮಂಡಿ ಬಿಟ್ಟ ವರ್ಷ. ಯಾರೂ ಹಾಕದೇ ಇರೋದು.

ಷಡ್ಡಕ ನೋಡ್ದ, ಹೆಂಡತಿ ನೋಡಿದ್ಲು, ಇಬ್ರೂ ಹೌದು ಅಂದ್ರು. ನಾನು ಕಾಯಿನ್ನು ಎತ್ತಿ ಹಿಡ್ಕೊಂಡು ಕುಣಿಯಕ್ಕೆ ಶುರು ಮಾಡ್ದೆ. ಎರಡು ಹೆಜ್ಜೆ ಹಾಕಿದ್ದೆ ಅಷ್ಟೇ. ಕೈ ಬೆವೆತಿತ್ತು. ಕಾಯಿನ್ನು ಜಾರಿ ಠಣ್ ಅಂತ ಬಿದ್ದು ಉರುಳಿ ಉರುಳಿ, ಜಮಖಾನದ ಮಧ್ಯೆ ಬಿದ್ದಿದ್ದ ಆ ಮೂರರ ಜೊತೆ ಹೋಗಿ ಸೇರ್ಕೊಂಡ್ತು. ಓಡಿ ಬಂದ ಷಡ್ಡಕನ ಕಾಲು ತಾಗಿ ನಾಕೂ ಕಲಸಿ ಹೋದ್ವು.

ಒಂದೇ ವರ್ಷ, ಒಂದೇ ನಕ್ಷತ್ರ, ಒಂದೇ ಸವಕಲು. ಯಾವುದು ಯಾವುದು ಅಂತ ಹೊಡೆದ ಟಂಕಸಾಲೆಯೋನಿಗೂ ಗೊತ್ತಾಗಲ್ಲ.

"ಯಾವುದಾದ್ರೂ ಆಗ್ಲಿ ಅಣ್ಣ, ನಾಕರಲ್ಲಿ ಒಂದಂತೂ ಬ್ಯಾಂಕಿಂದು. ನೀನು ಗೆದ್ದೆ" ಅಂದ ಷಡ್ಡಕ. ಮಾತಿಗೆ ತಪ್ಪೋನಲ್ಲ ಅಂತ ಹೇಳಿದ್ನಲ್ಲ.

ಮಾರನೇ ದಿನ ಹೊಸತೊಡಕು. ಅಂಗಳದಲ್ಲೇ ಪಂಕ್ತಿ. ಎಲೆ ಮೇಲೆ ಮುದ್ದೆ, ಮುದ್ದೆ ಸುತ್ತ ಸಾರು. ಬಂಡೂರು ಬಾಡು ಅಂದ್ರೆ ಬೆಣ್ಣೆ, ಹಲ್ಲಿಲ್ದೋರೂ ತಿನ್ಬೋದು ಅಂತ ಷಡ್ಡಕ ನಿಂತು ಬಡಿಸ್ತಾ ಹೊಗಳ್ತಾ ಇದ್ದ. ನನಗೆ ಊಟದ ಕಡೆ ಗ್ಯಾನ ಇಲ್ಲ. ಎಲೆ ಪಕ್ಕ ನಾಕು ಕಾಸು ಸಾಲಾಗಿ ಇಟ್ಕೊಂಡು, ಎಡಗೈಲಿ ಭೂತಗನ್ನಡಿ ಹಿಡ್ಕೊಂಡು, "ಇದ್ರಲ್ಲಿ ಅಸ್ಲಿ ಯಾವುದು? ಯಾವುದನ್ನ ಆಲ್ಬಮ್ಮಿಗೆ ಹಾಕ್ಲಿ?" ಅಂತ ಒಂದೇ ಸಮನೆ ಗೊಣಗ್ತಿದ್ದೆ.

ನಮ್ಮತ್ತೆ ಒಂದು ತುಂಡನ್ನ ಬಾಯಿಗಿಟ್ಕೊಂಡು ಆ ದವಡೆಯಿಂದ ಈ ದವಡೆಗೆ, ಈ ದವಡೆಯಿಂದ ಆ ದವಡೆಗೆ, ನಾನು ನಾಕೂ ಕಾಸು ಮೂರು ಸುತ್ತು ನೋಡಿ ಮುಗಿಸೋ ತನಕ ಅಗೀತಾನೇ ಇದ್ರು. ಕೊನೆಗೆ ಆ ತುಂಡನ್ನ ತಿರುಗಾ ಕೈಗೆ ತಗೊಂಡು, ಬಂದಂಗೇ ಇರೋದನ್ನ ನೋಡಿ, ಎಲೆ ಅಂಚಿಗಿಟ್ರು.

"ಕಾಸು ನಾಕೂ ಅಸ್ಲಿನೇ ಕಣಪ್ಪಾ ಅಳೀಮಯ್ಯ" ಅಂದ್ರು. "ಕುರಿನೇ ಡೂಪ್ಲಿಕೇಟು."